ಗ್ಯಾರೇಜಿನಲ್ಲಿ ಎರಡು ಕಂಬ

ಅಲೆಯ ಮೇಲೆ ಜಾರುವ ಹಲಗೆಯನ್ನು ಎಲ್ಲರೂ ನೋಡುತ್ತಾರೆ. ಆ ಹಲಗೆ ಹುಟ್ಟುವಾಗ ಅದನ್ನು ಹೊತ್ತು ನಿಂತ ಎರಡು ಮೋಟು ಕಂಬಗಳನ್ನು ಕೇಳುವವರಿಲ್ಲ. ಅಂಗಡಿಯಲ್ಲಿ ಸಿಕ್ಕರೂ ಕೊಳ್ಳದೆ ಸರ್ಫ್‌ಬೋರ್ಡ್ ಮಾಡುವವರು ತಾವೇ ಕಟ್ಟಿಕೊಳ್ಳುವ ಈ ಸ್ಟ್ಯಾಂಡಿಗೆ ಬೇಕಾದದ್ದು ಎರಡು ಮೂಟೆ ಕಾಂಕ್ರೀಟು, ಒಂದು ತುಂಡು ಹಳೆ ಕಾರ್ಪೆಟ್ಟು, ಕಟ್ಟಿಕೊಳ್ಳುವವನ ಸೊಂಟದ ಅಳತೆ!

ಬಿದ್ದಾಗ ಸದ್ದೇ ಆಗಲಿಲ್ಲ. ಹೆದರಿಕೆಯಾದದ್ದು ಅದಕ್ಕೇ.

ಕ್ಯಾಲಿಫೋರ್ನಿಯಾದ ಓಷನ್‌ಸೈಡ್‌ನಲ್ಲಿರುವ ನನ್ನ ತಂಗಿಯ ಮನೆ. ಸಮುದ್ರ ಅಲ್ಲಿಂದ ಎರಡು ಮೈಲಿ. ಗ್ಯಾರೇಜಿನಲ್ಲಿ ಮೂರಡಿ ಅಂತರದಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಇಟ್ಟು, ಅವುಗಳ ಬೆನ್ನಿಗೆ ತಂಗಿಯ ಯೋಗದ ಚಾಪೆ ಸುತ್ತಿ, ಮೇಲೆ ಬಿಳಿಯ ಫೋಮಿನ ಉದ್ದನೆಯ ತುಂಡೊಂದನ್ನು ಮಲಗಿಸಿದ್ದೆವು. ಸರ್ಫ್‌ಬೋರ್ಡ್ ಆಗುವ ಮೊದಲು ಅದರ ಹೆಸರು ಬ್ಲ್ಯಾಂಕ್. ಹದಿನೇಳು ವರ್ಷದ ಸೋದರಳಿಯ ಕರೆಂಟಿನ ಪ್ಲೇನರ್ ಹಿಡಿದು, ಹತ್ತರಿ ಹೊಡೆಯುವ ಆಚಾರಿಯ ಠೀವಿಯಲ್ಲಿ ಮೊದಲ ಹೆಜ್ಜೆ ಇಟ್ಟ. ಎರಡನೇ ಹೆಜ್ಜೆಗೆ ಮುಂದಿನ ಕುರ್ಚಿ ಜಾರಿತು. ಬ್ಲ್ಯಾಂಕಿನ ಮೂತಿ ನೆಲಕ್ಕೆ.

ಎತ್ತಿ ನೋಡಿದರೆ ಬಿಸಿ ಇಡ್ಲಿಗೆ ಹೆಬ್ಬೆರಳು ಒತ್ತಿದ ಹಾಗೆ ಒಂದು ಗುಳಿ. ಅಳಿಯ ನನ್ನ ಮುಖ ನೋಡಿದ. ನಾನು ಕುರ್ಚಿಯ ಮುಖ ನೋಡಿದೆ.

ಅಡುಗೆಮನೆಯ ಬಾಗಿಲಿನಿಂದ ತಂಗಿ ಇಣುಕಿದಳು. "ಅಣ್ಣ, ಕಾರು ಹೊರಗೆ ನಿಂತು ಮೂರು ದಿನ ಆಯ್ತು. ಇನ್ನೂ ಎಷ್ಟು ದಿನ?"

ಪಕ್ಕದ ಬೀದಿಯಲ್ಲಿ ನಲವತ್ತು ವರ್ಷ ಬೋರ್ಡು ಹೆರೆದು ನಿವೃತ್ತರಾದ ಹಿರಿಯರೊಬ್ಬರಿದ್ದರು. ಅಳಿಯ ಓಡಿಹೋಗಿ ಅವರನ್ನು ಕರೆತಂದ. ಅವರು ಬಂದವರೇ ಗುಳಿಯನ್ನು ನೋಡಲಿಲ್ಲ, ಕುರ್ಚಿಗಳನ್ನು ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: ಸ್ಟ್ಯಾಂಡ್ ಎಲ್ಲಿ?

ಇಲ್ಲ ಅಂದೆವು. ಮೊದಲು ಅದನ್ನು ಮಾಡಿ, ಬೋರ್ಡು ಆಮೇಲೆ ನೋಡೋಣ ಎಂದು ಹೇಳಿ ಹೊರಟೇಹೋದರು.

ಮೇ ತಿಂಗಳ ಮಾತು

ಕಳೆದ ವರ್ಷದ ಈ ಕಥೆ ಈಗ ನೆನಪಾಗಲು ಕಾರಣ ಋತು. ಮಳೆಗಾಲ ಬಾಗಿಲಿಗೆ ಬಂದು ನಿಲ್ಲುವ ಈ ಹೊತ್ತಿನಲ್ಲಿ ನಮ್ಮ ಕರಾವಳಿಯ ಕಡಲು ಮೈ ಮುರಿದು ಏಳುತ್ತದೆ. ಮೀನುಗಾರರು ದೋಣಿಗಳನ್ನು ಮೇಲಕ್ಕೆಳೆಯುವ ಸಿದ್ಧತೆಯಲ್ಲಿದ್ದರೆ, ಸರ್ಫಿಂಗ್ ಹುಡುಗರು ಹಲಗೆಗಳನ್ನು ಕೆಳಗಿಳಿಸುತ್ತಾರೆ. 2016ರಲ್ಲಿ ಸಸಿಹಿತ್ಲಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದಾಗ ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಆ ಮರಳಿನ ಮೂಲೆಗೆ ಮಂಗಳೂರಿನಿಂದ ಜನ ಕುತೂಹಲಕ್ಕೇ ಬಂದಿದ್ದರು. ಪಕ್ಕದ ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಅದಕ್ಕೂ ಹತ್ತು ವರ್ಷಕ್ಕೂ ಮೊದಲೇ ಹುಟ್ಟಿತ್ತು. ಅಮೆರಿಕದಿಂದ ಬಂದ ಸನ್ಯಾಸಿಗಳು ಆಶ್ರಮದಿಂದ ಹಲಗೆ ಹಿಡಿದು ಅಲೆಗೆ ಹೋಗುವುದನ್ನು ಊರವರು ಬಾಯಿಬಿಟ್ಟು ನೋಡಿದ ಕಾಲ ಅದು.

ಅಲೆಯ ಬಗ್ಗೆ, ಸವಾರರ ಬಗ್ಗೆ ಈ ಪುಟಗಳಲ್ಲೇ ಬೇಕಾದಷ್ಟು ಬಂದಿದೆ. ಹಲಗೆಯ ಬಗ್ಗೆಯೂ ಅಷ್ಟಿಷ್ಟು ಬಂದಿದೆ. ಹಲಗೆಯ ಕೆಳಗಿನ ಕಂಬಗಳ ಬಗ್ಗೆ ಯಾರೂ ಬರೆದಂತಿಲ್ಲ. ಆ ಕೊರತೆ ತುಂಬಲು ಒಂದು ಗುಳಿ ಬಿದ್ದ ಬ್ಲ್ಯಾಂಕು, ಸಿಟ್ಟಾದ ಒಬ್ಬ ತಂಗಿ ಬೇಕಾಯಿತು.

ಹಿಡಿಯದೆ ಹಿಡಿಯುವುದು

ಮಾರನೆಯ ದಿನ ನಾವೇ ಆ ಹಿರಿಯರ ಗ್ಯಾರೇಜಿಗೆ ಹೋದೆವು. ನೆಲದಿಂದ ಎದ್ದ ಎರಡು ಕಬ್ಬಿಣದ ಕೊಳವೆ. ಒಂದೊಂದರ ತುದಿಯಲ್ಲೂ ಮರದ ಎರಡು ತೋಳು, ಮೇಲಕ್ಕೆ ಕವಲೊಡೆದು ನಿಂತಿವೆ. ತೋಳಿನ ತುದಿಗೆ ದಪ್ಪನೆಯ ಕಾರ್ಪೆಟ್ಟಿನ ಟೊಪ್ಪಿಗೆ. ಬಾಳೆಗೊನೆ ಭಾರಕ್ಕೆ ವಾಲಿದಾಗ ಕೊಡುವ ಕವೆಗೋಲನ್ನು ನೋಡಿದವರಿಗೆ ಇದರ ಆಕಾರ ವಿವರಿಸಬೇಕಾಗಿಲ್ಲ. ಅದನ್ನೇ ಜೋಡಿ ಮಾಡಿ, ಸೊಂಟದೆತ್ತರಕ್ಕೆ ಕತ್ತರಿಸಿ, ಮೂರಡಿ ಅಂತರದಲ್ಲಿ ನೆಟ್ಟರೆ ಅದೇ ಶೇಪಿಂಗ್ ಸ್ಟ್ಯಾಂಡ್.

ಇದಕ್ಕೆ ಎರಡು ಕೆಲಸ. ಹಲಗೆಯನ್ನು ಅಂಗಾತ ಮಲಗಿಸಿದರೆ ಅದು ನಾಲ್ಕು ತೋಳುಗಳ ತುದಿಯ ಮೇಲೆ ಕೂರಬೇಕು. ಪಕ್ಕಕ್ಕೆ ತಿರುಗಿಸಿದರೆ ತೋಳುಗಳ ನಡುವಿನ ಸಂದಿಯಲ್ಲಿ ಅಂಚಿನ ಮೇಲೆ ನೆಟ್ಟಗೆ ನಿಲ್ಲಬೇಕು. ಹೆರೆಯುವವನು ದಿನಕ್ಕೆ ನೂರು ಸಲ ಮಲಗಿಸುತ್ತಾನೆ, ನಿಲ್ಲಿಸುತ್ತಾನೆ, ತಿರುವಿ ಹಾಕುತ್ತಾನೆ. ಒಂದೊಂದು ಸಲವೂ ಬೋಲ್ಟು ಬಿಗಿದು ಬಿಚ್ಚುತ್ತಾ ಕೂರಲು ಆಗುವುದಿಲ್ಲ.

ಬಿಗಿಯುವಂತೆಯೂ ಇಲ್ಲ. ನಮ್ಮ ಆಚಾರಿಗಳು ನೆಲದ ಮೇಲೆ ಕೂತು ಕಾಲಬೆರಳಿನಲ್ಲೇ ರೀಪನ್ನು ಅದುಮಿ ಹಿಡಿದು ಕೆಲಸ ಮಾಡುವುದನ್ನು ನೋಡಿ ಬೆಳೆದವನು ನಾನು. ಅವರಿಗೆ ಪಾದವೇ ಇಕ್ಕಳ. ತೇಗ, ಹಲಸು ಅದನ್ನು ತಾಳಿಕೊಳ್ಳುತ್ತವೆ. ಬ್ಲ್ಯಾಂಕು ತಾಳುವುದಿಲ್ಲ. ಪಾಲಿಯುರೆಥೇನ್ ಫೋಮಿನ ಈ ತುಂಡು ಆರಡಿಗೂ ಹೆಚ್ಚು ಉದ್ದವಿದ್ದರೂ ತೂಗುವುದು ಎರಡು ಮೂರು ಕೆಜಿ. ಮೇಲ್ಮೈ ಸ್ವಲ್ಪ ಗಟ್ಟಿ, ಒಳಗೆ ಹೋದಷ್ಟೂ ಮೆತ್ತಗೆ. ಆ ಗಟ್ಟಿ ಪದರವನ್ನು ಆದಷ್ಟು ಉಳಿಸಿಕೊಂಡು ಆಕಾರ ತೆಗೆಯುವುದೇ ಕಸುಬಿನ ಗುಟ್ಟು. ಬಿಗಿದು ಹಿಡಿದರೆ ಹಿಡಿದಲ್ಲೆಲ್ಲ ಗುಳಿ.

ಹಾಗಾಗಿ ಈ ಸ್ಟ್ಯಾಂಡು ಹಿಡಿಯದೆ ಹಿಡಿಯಬೇಕು. ಹಲಗೆ ತನ್ನ ತೂಕಕ್ಕೇ ಸಂದಿಯಲ್ಲಿ ಕೂತು ನಿಲ್ಲಬೇಕು, ಎತ್ತಿದರೆ ಹೂವಿನಂತೆ ಬಿಟ್ಟುಕೊಡಬೇಕು. ತೋಳುಗಳ ಒಟ್ಟು ಹರವು ಹಲಗೆಯ ಅಗಲಕ್ಕಿಂತ ಕಡಿಮೆಯೇ ಇರಬೇಕು, ಇಲ್ಲವಾದರೆ ಅಂಚು ಹೆರೆಯುವಾಗ ಪ್ಲೇನರಿಗೂ ಬೆರಳಿಗೂ ಅಡ್ಡ. ಸಂದಿ ತೀರಾ ಕಿರಿದಾದರೆ ಬ್ಲ್ಯಾಂಕು ಸಿಕ್ಕಿಹಾಕಿಕೊಳ್ಳುತ್ತದೆ, ಅಗಲವಾದರೆ ಓಲಾಡುತ್ತದೆ. ಮೂರು ಇಂಚು ದಪ್ಪದ ಬ್ಲ್ಯಾಂಕಿಗೆ ನಾಲ್ಕೂವರೆ ಇಂಚಿನ ಸಂದಿ, ಎರಡೂ ಕಡೆ ಅರ್ಧರ್ಧ ಇಂಚಿನ ಮೆತ್ತೆ ಎಂದು ಅವರು ನಮಗೆ ಲೆಕ್ಕ ಹಾಕಿಕೊಟ್ಟರು. ಸಂದಿಯ ಆಳ ಆರು ಇಂಚು.

"ಇಷ್ಟೇನಾ?" ಅಂದ ಅಳಿಯ. ಹಿರಿಯರು ನಕ್ಕರು. ಆ ನಗು ಅರ್ಥವಾಗಲು ನನಗೆ ವಾರ ಹಿಡಿಯಿತು.

ಅಪ್ಪನ ಕಾರು ಹೊರಗೆ

ಗ್ಯಾರೇಜಿನಿಂದ ಕಾರು ಹೊರಹಾಕಿದವರಲ್ಲಿ ನಾವು ಮೊದಲಿಗರೇನಲ್ಲ. ಈ ಉದ್ಯಮದ ಮೂಲವೇ ಅಲ್ಲಿದೆ. ಓಷನ್‌ಸೈಡ್‌ನಿಂದ ಉತ್ತರಕ್ಕೆ ಕರಾವಳಿ ಹಿಡಿದು ಹೋದರೆ ಲಗೂನಾ ಬೀಚ್. 1950ರ ಹೊತ್ತಿಗೆ ಅಲ್ಲಿ ಹೋಬಿ ಆಲ್ಟರ್ ಎಂಬ ಹುಡುಗ ಅಪ್ಪನ ಗ್ಯಾರೇಜಿನಲ್ಲಿ ಬಾಲ್ಸಾ ಮರದ ಹಲಗೆ ಹೆರೆಯಲು ಶುರುಮಾಡಿದ. 1954ರಲ್ಲಿ ಡಾನಾ ಪಾಯಿಂಟಿನಲ್ಲಿ ಅಂಗಡಿಯನ್ನೇ ತೆರೆದ. ಅದಕ್ಕೂ ಮೊದಲು, 1949ರಲ್ಲಿ, ಮ್ಯಾನ್‌ಹ್ಯಾಟನ್ ಬೀಚಿನಲ್ಲಿ ಡೇಲ್ ವೆಲ್ಜಿ ಅಂಗಡಿ ಹಾಕಿದ್ದ. ಅಲ್ಲಿಯವರೆಗೆ ಅವನ ಕಾರ್ಖಾನೆ ಕಡಲ ಸೇತುವೆಯ ಅಡಿಯ ನೆರಳು. ಹೊಟ್ಟಿನ ರಾಶಿ ಹೆಚ್ಚಾಗಿ ಅಲ್ಲಿಂದ ಎಬ್ಬಿಸಿದರು ಎಂಬ ಕಥೆ ಇದೆ.

ಇನ್ನೂ ಹಿಂದಕ್ಕೆ ಹೋದರೆ ಹವಾಯಿ. ಅಲ್ಲಿ ಹಲಗೆ ಮಾಡುವುದೆಂದರೆ ಪೂಜೆಯಿಂದಲೇ ಆರಂಭ. ಮರ ಆರಿಸಿದವನು ಕುಮು ಎಂಬ ಕೆಂಪು ಮೀನನ್ನು ಬುಡದಲ್ಲಿಟ್ಟು ಪ್ರಾರ್ಥಿಸಿ, ಮರ ಉರುಳಿದ ಮೇಲೆ ಬೇರಿನ ಗುಂಡಿಗೆ ಅದನ್ನು ಒಪ್ಪಿಸುತ್ತಿದ್ದ. ಕೋವಾ ಮರ, ಹಗುರ ಬೇಕಾದರೆ ವಿಲಿವಿಲಿ. ಕಲ್ಲಿನ ಬಾಚಿಯಿಂದ ಕೆತ್ತು, ಹವಳದಿಂದ, ಒರಟುಕಲ್ಲಿನಿಂದ ಉಜ್ಜು, ಕಪ್ಪು ಬಣ್ಣ ಕೊಡು, ಕುಕುಯಿ ಕಾಯಿಯ ಎಣ್ಣೆ ಹಚ್ಚು. ಒಲಿಂಪಿಕ್ ಈಜುಗಾರ ಡ್ಯೂಕ್ ಕಹನಮೋಕು 1914-15ರ ಬೇಸಿಗೆಯಲ್ಲಿ ಸಿಡ್ನಿಗೆ ಹೋದಾಗ ಹಲಗೆಯನ್ನು ಜೊತೆಗೆ ಒಯ್ಯಲಿಲ್ಲ, ಅಲ್ಲೇ ಸಿಕ್ಕ ಪೈನ್ ಮರದಲ್ಲಿ ಮಾಡಿಕೊಂಡ. ಅದು ಇಂದಿಗೂ ಫ್ರೆಶ್‌ವಾಟರ್ ಬೀಚಿನ ಕ್ಲಬ್ಬಿನಲ್ಲಿದೆ.

ಆ ಕಾಲದ ಘನ ಮರದ ಹಲಗೆಗಳು ನಲವತ್ತು ಕೆಜಿಯವರೆಗೂ ತೂಗುತ್ತಿದ್ದವು. ಅಂಥದ್ದನ್ನು ಎರಡು ದಿಮ್ಮಿಗಳ ಮೇಲಿಟ್ಟರೂ ಸಾಕು, ತನ್ನ ಭಾರಕ್ಕೇ ಅಲುಗದು. 1958ರಲ್ಲಿ ಹೋಬಿ ಮತ್ತು ಅವನ ಜೊತೆಗಿದ್ದ ಗಾರ್ಡನ್ ಕ್ಲಾರ್ಕ್ ಫೋಮಿನ ಬೋರ್ಡುಗಳನ್ನು ಮಾರುಕಟ್ಟೆಗೆ ಬಿಟ್ಟರು. ಮರುವರ್ಷ ಬಂದ 'ಗಿಜೆಟ್' ಸಿನಿಮಾ ಅಮೆರಿಕದ ಹುಡುಗ ಹುಡುಗಿಯರನ್ನೆಲ್ಲ ಕಡಲಿಗೆ ಇಳಿಸಿತು. ಹಲಗೆ ಹಗುರವಾಯಿತು, ಮಾಡುವುದು ಸುಲಭವಾಯಿತು ಅಂತ ಎಲ್ಲ ಪುಸ್ತಕಗಳೂ ಬರೆಯುತ್ತವೆ. ನನ್ನ ಲೆಕ್ಕದಲ್ಲಿ ಸ್ಟ್ಯಾಂಡಿನ ಕಷ್ಟ ಶುರುವಾದದ್ದೂ ಅಂದೇ. ಭಾರದ ವಸ್ತುವನ್ನು ಹೊರುವುದು ಸುಲಭ. ಹಗುರದ್ದನ್ನು ಅಲುಗದಂತೆ ನಿಲ್ಲಿಸುವುದು ಕಷ್ಟ.

> ಖಾಲಿ ಸೋಮವಾರ
>
> 1961ರಲ್ಲಿ ಗಾರ್ಡನ್ ಕ್ಲಾರ್ಕ್ ತನ್ನದೇ ಕ್ಲಾರ್ಕ್ ಫೋಮ್ ಕಂಪನಿ ಕಟ್ಟಿದ. ಅಡ್ಡಹೆಸರು 'ಗ್ರಬ್ಬಿ', ಅಂದರೆ ಕೊಳಕ. ಅಮೆರಿಕದಲ್ಲಿ ಬಳಕೆಯಾಗುವ ಬ್ಲ್ಯಾಂಕುಗಳ ಬಹುಪಾಲು ಅವನ ಅಚ್ಚಿನಿಂದಲೇ ಬರುತ್ತಿತ್ತು. 2005ರ ಡಿಸೆಂಬರ್ 5, ಸೋಮವಾರ, ಗಿರಾಕಿಗಳಿಗೆ ಏಳು ಪುಟಗಳ ಫ್ಯಾಕ್ಸ್ ಬಂತು: ಕಾರ್ಖಾನೆ ಮುಚ್ಚಿದ್ದೇನೆ. ಪರಿಸರ ಮತ್ತು ಸುರಕ್ಷತೆಯ ಕಾನೂನು, ಫೋಮಿಗೆ ಬಳಸುವ ಟಿಡಿಐ ಎಂಬ ವಿಷಕಾರಿ ರಾಸಾಯನಿಕದ ತಲೆನೋವು, ಕೋರ್ಟು ಕಚೇರಿಯ ಭಯ ಎಲ್ಲವನ್ನೂ ಅದರಲ್ಲಿ ಬರೆದಿದ್ದ. ಅಚ್ಚುಗಳನ್ನೂ ಒಡೆದುಹಾಕಿದ. ಉಳಿದ ಬ್ಲ್ಯಾಂಕುಗಳ ಬೆಲೆ ರಾತ್ರೋರಾತ್ರಿ ಏರಿತು. ಆ ದಿನಕ್ಕೆ 'ಬ್ಲ್ಯಾಂಕ್ ಮಂಡೇ' ಎಂಬ ಹೆಸರೇ ನಿಂತಿದೆ.

ಬಕಲ್ಲಿನ ಎತ್ತರ

ಹಿರಿಯರು ಅಳಿಯನನ್ನು ಗೋಡೆಗೆ ಒರಗಿಸದೆ ನೆಟ್ಟಗೆ ನಿಲ್ಲಿಸಿದರು. ಕೈ ಇಳಿಬಿಡು, ಮೊಣಕೈ ಚೂರು ಮಡಿಸು, ಪ್ಲೇನರ್ ಹಿಡಿದಿದ್ದೀ ಅಂದುಕೊ. ನೆಲದಿಂದ ಅಂಗೈಗೆ ಟೇಪು ಹಿಡಿದರು. ಹೆಚ್ಚುಕಡಿಮೆ ಬೆಲ್ಟಿನ ಬಕಲ್ಲಿನ ಎತ್ತರಕ್ಕೇ ಬಂತು: 39 ಇಂಚು. ನನ್ನನ್ನೂ ಅಳೆದರು. 36.

ಮೂರು ಇಂಚಿನ ಈ ವ್ಯತ್ಯಾಸವೇ ಅಂಗಡಿಯ ಸ್ಟ್ಯಾಂಡನ್ನು ಯಾರೂ ಇಷ್ಟಪಡದಿರಲು ಕಾರಣ. ಬೋರ್ಡು ಹೆರೆಯುವುದು ನಿಂತು ಮಾಡುವ ಕೆಲಸವಲ್ಲ, ನಡೆದು ಮಾಡುವ ಕೆಲಸ. ಮೂತಿಯಿಂದ ಬಾಲದವರೆಗೆ ಪ್ಲೇನರ್ ಒಂದೇ ಓಟದಲ್ಲಿ ಹೋಗಬೇಕು. ನಡುವೆ ನಿಂತರೆ ಅಲ್ಲೊಂದು ಮೆಟ್ಟಿಲು ಬಿತ್ತೆಂದೇ ಅರ್ಥ. ಸ್ಟ್ಯಾಂಡು ಗಿಡ್ಡವಾದರೆ ಬೆನ್ನು ಬಾಗುತ್ತದೆ, ಬೆನ್ನು ಬಾಗಿದರೆ ಪ್ಲೇನರ್ ಓರೆಯಾಗುತ್ತದೆ. ಎತ್ತರವಾದರೆ ಭುಜ ಏರುತ್ತದೆ, ಸಂಜೆಯ ಹೊತ್ತಿಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆ.

ತಂಗಿ ಇಲ್ಲಿ ಒಂದು ತಕರಾರು ತೆಗೆದಳು. "ಅವನು ಇನ್ನೂ ಬೆಳೆಯುವ ಹುಡುಗ. ಮುಂದಿನ ವರ್ಷ ಏನು ಮಾಡ್ತೀರಿ?" ನ್ಯಾಯವಾದ ಮಾತು. ಶಾಲೆಯ ಯೂನಿಫಾರಂ ಹೊಲಿಸುವಾಗ ಅಂಚು ಒಳಗೆ ಮಡಿಸಿಟ್ಟು ಹೊಲಿಸಿದ ಮನೆತನ ನಮ್ಮದು. ಕೊಳವೆಯೊಳಗೆ ಕೊಳವೆ ಕೂರಿಸಿ, ಇಂಚಿಗೊಂದರಂತೆ ಐದು ತೂತು ಕೊರೆದು, ಬೋಲ್ಟು ಹಾಕುವುದೆಂದು ತೀರ್ಮಾನವಾಯಿತು.

ಎತ್ತರಕ್ಕೆ ಇನ್ನೊಂದು ಲೆಕ್ಕವೂ ಸೇರಿಕೊಂಡಿದೆ, ಬೆಳಕಿನದ್ದು. ಬೋರ್ಡು ಹೆರೆಯುವ ಕೋಣೆಯಲ್ಲಿ ತಲೆಯ ಮೇಲೆ ದೀಪ ಇರುವುದಿಲ್ಲ, ಇದ್ದರೂ ಆರಿಸಿಡುತ್ತಾರೆ. ಎರಡೂ ಪಕ್ಕದ ಗೋಡೆಗೆ ಉದ್ದಕ್ಕೆ ಟ್ಯೂಬ್‌ಲೈಟು, ಹಲಗೆಗಿಂತ ಒಂದು ಗೇಣು ಮೇಲೆ. ಗೋಡೆಗೆ ಕಡುನೀಲಿಯೋ ಕಡುಹಸಿರೋ ಬಣ್ಣ. ಗಾರೆಯವನು ಗೋಡೆಯ ಪಕ್ಕಕ್ಕೆ ಬಲ್ಬು ಹಿಡಿದು ಉಬ್ಬುತಗ್ಗು ಹುಡುಕುವುದನ್ನು ಮನೆ ಕಟ್ಟಿಸಿದವರೆಲ್ಲ ನೋಡಿರುತ್ತೀರಿ. ಅದೇ ಉಪಾಯ ಇದು. ಬಿಳಿ ಫೋಮಿನ ಮೇಲೆ ಬೆಳಕು ಓರೆಯಾಗಿ ಬಿದ್ದಾಗ ಕೂದಲೆಳೆಯಷ್ಟು ಉಬ್ಬಿಗೂ ನೆರಳು ಹುಟ್ಟುತ್ತದೆ. ದೀಪ ಗೋಡೆಯಲ್ಲಿ ಸ್ಥಿರ. ಹಾಗಾಗಿ ಸ್ಟ್ಯಾಂಡು ಎರಡಿಂಚು ಏರಿದರೆ ನೆರಳು ಅತಿಯಾಗುತ್ತದೆ, ಇಳಿದರೆ ಮಸುಕಾಗುತ್ತದೆ.

ನಮ್ಮ ಗ್ಯಾರೇಜಿನ ಒಂದು ಗೋಡೆಗೆ ಫ್ರಿಜ್ಜು, ಇನ್ನೊಂದಕ್ಕೆ ಸಾಮಾನಿನ ಕಪಾಟು. ಎರಡಕ್ಕೂ ತಂಗಿಯ ಮದುವೆ ಕಾಲದ ನೀಲಿ ಹೊದಿಕೆ ಇಳಿಬಿಟ್ಟೆವು. ಕೋಣೆ ಕತ್ತಲಾಯಿತು, ಬ್ಲ್ಯಾಂಕು ಹುಣ್ಣಿಮೆಯ ಚಂದ್ರನಂತೆ ಹೊಳೆಯಿತು, ಅಳಿಯ ಎರಡು ದಿನದ ಹಿಂದೆ ಹೊಡೆದ ಪ್ಲೇನರಿನ ಗೀರುಗಳೆಲ್ಲ ಎದ್ದು ನಿಂತವು. ಹಗಲಿನಲ್ಲಿ ಅದು ನುಣುಪಾಗಿ ಕಂಡಿತ್ತು.

ಅಕ್ಕಿ ಚೀಲದ ಪ್ರಯೋಗ

ಕಂಬದ ಮೇಲ್ಭಾಗ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಅಮೆರಿಕದಲ್ಲಿ 'ಎರಡು ಬೈ ನಾಲ್ಕು' ಎಂದು ಮಾರುವ ರೀಪು ನಿಜಕ್ಕೂ ಒಂದೂವರೆ ಬೈ ಮೂರೂವರೆ ಇಂಚು ಇರುತ್ತದೆ ಎಂಬುದು ಗೊತ್ತಿಲ್ಲದೆ ಮೊದಲ ಜೋಡಿ ತೋಳು ಹಾಳಾಯಿತು. ಎರಡನೆಯದು ಸರಿಹೋಯಿತು. ಮೆತ್ತೆಗೆ ಅಳಿಯನ ಹಳೆಯ ವೆಟ್‌ಸೂಟಿನ ಮೊಣಕಾಲು ಕತ್ತರಿಸಿದೆವು. ರಬ್ಬರಿನ ಆ ಬಟ್ಟೆ ಜಾರುವುದೂ ಇಲ್ಲ, ಫೋಮಿಗೆ ಗುರುತೂ ಮಾಡುವುದಿಲ್ಲ. ಒಬ್ಬೊಬ್ಬರು ಒಂದೊಂದು ಬಳಸುತ್ತಾರೆ: ಕಾರ್ಪೆಟ್ಟು, ಸೈಕಲ್ ಟ್ಯೂಬು, ಈಜುಕೊಳದಲ್ಲಿ ಮಕ್ಕಳು ಹಿಡಿದು ತೇಲುವ ಫೋಮಿನ ಕೋಲು. ಒಂದೇ ನಿಯಮ, ಟೇಪಿನ ಅಂಟು ಮುಖ ಬ್ಲ್ಯಾಂಕಿಗೆ ತಾಗಬಾರದು. ತಾಗಿದರೆ ಚರ್ಮ ಕಿತ್ತಂತೆ ಫೋಮು ಕಿತ್ತುಬರುತ್ತದೆ.

ತೊಂದರೆಯೆಲ್ಲ ಬುಡದಲ್ಲಿ. ಹಿರಿಯರ ಕೊಳವೆಗಳು ನೆಲದ ಕಾಂಕ್ರೀಟಿನಲ್ಲೇ ಹೂತಿದ್ದವು. ನಮಗೆ ಆ ಭಾಗ್ಯವಿಲ್ಲ, ಕಾರು ಒಳಗೆ ಬರಬೇಕು. ಎರಡಡಿ ಚೌಕದ ಪ್ಲೈವುಡ್ಡಿಗೆ ಕಂಬ ಬಿಗಿದು, ಅಲುಗಾಡದಂತೆ ಮೇಲೆ ಭಾರ ಇಡೋಣ ಅಂದೆ. ಭಾರಕ್ಕೆ ಏನು? ಅಮೆರಿಕದಲ್ಲಿ ನಮ್ಮವರ ಗ್ಯಾರೇಜಿನಲ್ಲಿ ಯಾವತ್ತೂ ಸಿಗುವ ವಸ್ತು ಒಂದಿದೆ. ಸೋನಾ ಮಸೂರಿಯ ಇಪ್ಪತ್ತು ಪೌಂಡಿನ ಚೀಲ.

ಕಂಬಕ್ಕೆ ಒಂದರಂತೆ ಎರಡು ಚೀಲ ಇಟ್ಟೆವು. ನೋಡಲು ಭದ್ರವಾಗಿಯೇ ಇತ್ತು. ಅಳಿಯ ಪ್ಲೇನರ್ ತಳ್ಳಿದ. ಬ್ಲ್ಯಾಂಕು ಬೀಳಲಿಲ್ಲ, ಆದರೆ ಕಂಬಗಳು ಊಟ ಮುಗಿಸಿ ತಲೆದೂಗುವವರಂತೆ ಹಿಂದೆ ಮುಂದೆ ತೂಗಿದವು. ಅಡ್ಡಡ್ಡ ತಳ್ಳಿದರೆ ಏನೂ ಆಗದು. ಉದ್ದುದ್ದ ತಳ್ಳಿದರೆ ಓಲಾಟ. ಹೆರೆಯುವ ಕೆಲಸವೆಲ್ಲ ಉದ್ದುದ್ದಕ್ಕೇ ಅಲ್ಲವೆ? ಬುಡದ ಅಗಲ ಬೇಕಾದದ್ದು ಆ ದಿಕ್ಕಿಗೆ, ಭಾರ ಬೇಕಾದದ್ದು ಇದರ ನಾಲ್ಕರಷ್ಟು.

ಮಾರನೆಯ ದಿನ ತಂಗಿಗೆ ಅಕ್ಕಿ ಬೇಕಾಯಿತು. ಪ್ರಯೋಗ ಅಲ್ಲಿಗೆ ನಿಂತಿತು.

ಬಾಣದ ಗುರುತು

ಮನೆಯಲ್ಲೇ ಬೋರ್ಡು ಮಾಡುವವರು ಕೊನೆಗೆ ಬಂದು ಸೇರುವ ದಾರಿಗೆ ನಾವೂ ಬಂದೆವು: ಬಕೆಟ್ಟು, ಕಾಂಕ್ರೀಟು. ಐದು ಗ್ಯಾಲನ್ನಿನ, ಅಂದರೆ ಹತ್ತೊಂಬತ್ತು ಲೀಟರಿನ ಪ್ಲಾಸ್ಟಿಕ್ ಬಕೆಟ್. ಎಂಬತ್ತು ಪೌಂಡಿನ ಸಿದ್ಧ ಕಾಂಕ್ರೀಟು ಮೂಟೆ, ಸುಮಾರು 36 ಕೆಜಿ. ನೀರು ಕಲಸಿದರೆ ಒಂದು ಬಕೆಟ್ಟು ಹೆಚ್ಚುಕಡಿಮೆ ತುಂಬುತ್ತದೆ. ಕೆಲವರು ಬಕೆಟ್ಟಿನ ಬದಲು ಹಳೆಯ ಕಾರಿನ ಟೈರಿನೊಳಗೆ ಸುರಿಯುತ್ತಾರೆ. ಜಾಗ ಹೆಚ್ಚು ತಿನ್ನುತ್ತದೆ, ಆದರೆ ಉರುಳಿಸಿಕೊಂಡು ಹೋಗಬಹುದು.

ಸಂಜೆ ಕಾಂಕ್ರೀಟು ಸುರಿದು ನಡುವೆ ಕೊಳವೆ ನಿಲ್ಲಿಸಿದೆವು. ಎರಡು ಕಡೆಯಿಂದ ರಸಮಟ್ಟ ಹಿಡಿದು ನೋಡಿದೆ. ಗುಳ್ಳೆ ಸರಿಯಾಗಿ ನಡುವೆ. ನಾಲ್ಕು ದಿಕ್ಕಿಗೆ ರೀಪಿನ ಊರೆ ಕೊಟ್ಟು, ಮೂರು ದಿನ ಮುಟ್ಟಬಾರದೆಂದು ಅಳಿಯನಿಗೆ ಹೇಳಿ, ನಾನೇ ಮಧ್ಯರಾತ್ರಿ ಎದ್ದು ಹೋಗಿ ಮುಟ್ಟಿ ನೋಡಿದೆ. ಗಟ್ಟಿಯಾಗುತ್ತಿತ್ತು.

ನಾಲ್ಕನೇ ದಿನ ಊರೆ ಬಿಚ್ಚಿ, ಎರಡೂ ಕಂಬಗಳನ್ನು ಎದುರುಬದುರು ತಿರುಗಿಸಿ ಇಟ್ಟರೆ ಒಂದು ಕಂಬ ಕುಡಿದವನಂತೆ ವಾಲಿದೆ. ತುದಿಯಲ್ಲಿ ಎರಡು ಸೆಂಟಿಮೀಟರ್. ಮತ್ತೆ ರಸಮಟ್ಟ, ಮತ್ತೆ ಅಳತೆ. ನಾನು ನನ್ನನ್ನೇ ಬೈದುಕೊಂಡೆ, ಅಳಿಯ ಕಾಂಕ್ರೀಟು ಕಂಪನಿಯನ್ನು ಬೈದ. ತಪ್ಪು ಇಬ್ಬರದ್ದೂ ಅಲ್ಲ, ಕಂಪನಿಯದ್ದೂ ಅಲ್ಲ. ಬಿದ್ದ ಬೋಲ್ಟೊಂದು ತಾನಾಗಿ ಬಾಗಿಲಿನ ಕಡೆ ಉರುಳಿ ಹೋದಾಗ ಹೊಳೆಯಿತು.

ಗ್ಯಾರೇಜಿನ ನೆಲ ಸಮತಟ್ಟಾಗಿಲ್ಲ. ಕಾರು ತೊಳೆದ ನೀರು, ಸೋರಿದ ಎಣ್ಣೆ ಹೊರಗೆ ಹೋಗಲೆಂದು ಬಾಗಿಲಿನ ಕಡೆಗೆ ಮೀಟರಿಗೆ ಒಂದು ಸೆಂಟಿಮೀಟರಿನಷ್ಟು ಇಳಿಜಾರು ಬಿಟ್ಟಿರುತ್ತಾರೆ. ನಾವು ಕೊಳವೆ ನೆಟ್ಟಗೆ ನಿಲ್ಲಿಸಿದ್ದು ಆ ಇಳಿಜಾರಿನ ಮೇಲೆ. ಬಕೆಟ್ಟು ಹಾಗೇ ಇದ್ದರೆ ಕಂಬ ನೆಟ್ಟಗೆ. ಅರ್ಧ ಸುತ್ತು ತಿರುಗಿಸಿದರೆ ನೆಲದ ಓರೆ, ಕಂಬದ ಓರೆ ಎರಡೂ ಸೇರಿ ದುಪ್ಪಟ್ಟು.

ಹಿರಿಯರು ಬಂದು ನೋಡಿದರು, ಬಕೆಟ್ಟನ್ನು ಮೊದಲಿದ್ದ ಹಾಗೆ ತಿರುಗಿಸಿದರು, ಜೇಬಿನಿಂದ ಪೆನ್ಸಿಲ್ ತೆಗೆದು ಅದರ ಮೇಲೆ ಬಾಗಿಲಿನ ಕಡೆಗೆ ಒಂದು ಬಾಣ ಬರೆದರು. ಇನ್ನೊಂದಕ್ಕೂ ಬರೆದರು. ಕಾಂಕ್ರೀಟು ಒಡೆದು ಮತ್ತೆ ಸುರಿಯುವ ಯೋಜನೆಯಲ್ಲಿದ್ದ ನಾನು ಸುಮ್ಮನೆ ನಿಂತುಕೊಂಡೆ. ಅವರ ಮೊದಲ ಸ್ಟ್ಯಾಂಡಿನಲ್ಲೂ ಅಂಥದೇ ಒಂದು ಬಾಣ ಇತ್ತಂತೆ.

> ಇದು ಬೇರೆ, ಅದು ಬೇರೆ
>
> ಹೆರೆಯುವ ಸ್ಟ್ಯಾಂಡಿನ ಮೇಲೆ ಬೋರ್ಡಿಗೆ ರಾಳ ಹಚ್ಚುವುದಿಲ್ಲ. ಫೈಬರ್‌ಗ್ಲಾಸ್ ಬಟ್ಟೆ ಹಾಸಿ ರೆಸಿನ್ ಸುರಿಯುವ ಕೆಲಸಕ್ಕೆ ಬೇರೆಯದೇ ಜೋಡಿ, ಬೇರೆಯದೇ ಕೋಣೆ. ಅದರ ತಲೆ ಕಿರಿದು. ಅಂಚಿನಿಂದ ಇಳಿಬಿದ್ದ ಬಟ್ಟೆಯನ್ನು ಅಡಿಗೆ ಮಡಿಸಿ ಅಂಟಿಸಬೇಕಲ್ಲ, ಅಡ್ಡ ಬರಬಾರದು. ತೊಟ್ಟಿಕ್ಕುವ ರೆಸಿನ್ ವರ್ಷಾನುಗಟ್ಟಲೆ ಪದರ ಪದರವಾಗಿ ಗಟ್ಟಿಯಾಗುತ್ತದೆ. ಒಂದು ದಿನ ಕೆಂಪು ಬೋರ್ಡು, ಮರುದಿನ ನೀಲಿ. ಆ ಗಡ್ಡೆಯನ್ನು ಕೊಯ್ದು ಹೊಳಪು ಕೊಟ್ಟರೆ ಬಣ್ಣದ ಗೆರೆಗಳ ಹರಳು. 'ಸರ್ಫೈಟ್' ಎಂಬ ಹೆಸರಿನಲ್ಲಿ ಉಂಗುರ, ಪದಕಗಳಾಗಿ ಮಾರಾಟವಾಗುತ್ತದೆ.

ಯಂತ್ರ ಬಂದ ಮೇಲೂ

ಈಗ ಕಂಪ್ಯೂಟರಿನಲ್ಲಿ ಆಕಾರ ಬರೆದರೆ ಯಂತ್ರವೇ ಬ್ಲ್ಯಾಂಕು ಕೊರೆದುಕೊಡುತ್ತದೆ. ದೊಡ್ಡ ಹೆಸರಿನ ಬೋರ್ಡುಗಳಲ್ಲಿ ಹೆಚ್ಚಿನವು ಹೀಗೆಯೇ ಹುಟ್ಟುವುದು. ಆದರೆ ಯಂತ್ರದಿಂದ ಬಂದ ಫೋಮಿನ ಮೈಮೇಲೆ ಗದ್ದೆಯ ಸಾಲಿನಂತೆ ಕೊರೆತದ ಗೆರೆಗಳಿರುತ್ತವೆ. ಅದನ್ನು ನುಣುಪು ಮಾಡಿ, ಅಂಚಿನ ಬಾಗು ತಿದ್ದಿ, ನಡುವಿನ ಸ್ಟ್ರಿಂಗರ್ ಎಂಬ ಮರದ ಪಟ್ಟಿಯನ್ನು ಪುಟ್ಟ ಹತ್ತರಿಯಿಂದ ಫೋಮಿನ ಮಟ್ಟಕ್ಕೆ ಇಳಿಸುವುದು ಕೈಯ ಕೆಲಸ. ಆ ಕೈಗೆ ಹಲಗೆ ಒಪ್ಪಿಸಲು ಮತ್ತೆ ಅವೇ ಎರಡು ಕಂಬ. ಟೋಕಿಯೊ ಒಲಿಂಪಿಕ್ಸಿನಲ್ಲಿ ಸರ್ಫಿಂಗ್ ಮೊದಲ ಬಾರಿಗೆ ಪದಕದ ಆಟವಾದಾಗ ಟಿವಿಯಲ್ಲಿ ಮಿಂಚಿದ ಹಲಗೆಗಳೂ ಎಲ್ಲೋ ಒಂದು ಕತ್ತಲೆ ಕೋಣೆಯಲ್ಲಿ ಹಳೆ ಕಾರ್ಪೆಟ್ಟಿನ ಮೇಲೆ ಮಲಗಿ ಎದ್ದು ಬಂದವೇ ಇರಬೇಕು.

ಒಂದು ಎಚ್ಚರಿಕೆ ಹೇಳಲೇಬೇಕು. ಫೋಮಿನ ಪುಡಿ ಹಿಟ್ಟಿನಂತೆ ಕಂಡರೂ ಹಿಟ್ಟಲ್ಲ. ಮೂಗಿಗೆ ಸರಿಯಾದ ಮಾಸ್ಕು ಹಾಕದವರನ್ನು ಹಿರಿಯರು ಗ್ಯಾರೇಜಿನ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಕರ್ಚೀಫು ಕಟ್ಟಿಕೊಂಡು ಹೋದ ನನ್ನನ್ನು ವಾಪಸು ಕಳಿಸಿದ್ದರು.

ಅಳಿಯನ ಬೋರ್ಡು ಮುಗಿಯಲು ಮೂರು ವಾರ ಹಿಡಿಯಿತು. ಮೂತಿಯ ಗುಳಿ ಹೋಗುವಷ್ಟು ಕೊಯ್ದದ್ದರಿಂದ ಆರಡಿ ಎರಡಿಂಚು ಇರಬೇಕಾದದ್ದು ಐದಡಿ ಹನ್ನೊಂದಕ್ಕೆ ಇಳಿಯಿತು. ಎಡ ಅಂಚಿಗಿಂತ ಬಲ ಅಂಚು ತುಸು ದಪ್ಪ. ನೀರಿನಲ್ಲಿ ಅದು ತೇಲಿತು, ತಿರುಗಿತು, ಅವನನ್ನು ಹತ್ತಾರು ಸಲ ಬೀಳಿಸಿತು. ಅವನ ಮುಖ ನೋಡಬೇಕಿತ್ತು. ನಾನು ದಡದಲ್ಲಿ ನಿಂತು ನೋಡುತ್ತಿದ್ದಾಗ ತಲೆಯಲ್ಲಿ ಇದ್ದದ್ದು ಮಾತ್ರ ಆ ಬಾಣ.

ಕೆಂಪು ಕುರ್ಚಿ

ಮೊನ್ನೆ ಮೂಲ್ಕಿಯ ಕಡೆ ಹೋಗಿದ್ದೆ. ತೆಂಗಿನ ತೋಟದ ನೆರಳಿನಲ್ಲಿ ಹುಡುಗನೊಬ್ಬ ಒಡೆದ ಬೋರ್ಡಿಗೆ ರೆಸಿನ್ ಹಚ್ಚುತ್ತಿದ್ದ. ಬೋರ್ಡು ಮಲಗಿದ್ದು ಎರಡು ಕೆಂಪು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ. ನನಗೆ ಎದೆ ಝಲ್ಲೆಂದಿತು.

ಹತ್ತಿರ ಹೋಗಿ ನೋಡಿದರೆ ಕುರ್ಚಿಗಳ ಮೇಲೆ ಮರಳು ತುಂಬಿದ ಗೊಬ್ಬರದ ಚೀಲ, ಒಂದೊಂದರಲ್ಲೂ ಇಪ್ಪತ್ತೈದು ಕೆಜಿಗೆ ಮೋಸವಿಲ್ಲ. ಕಾಲುಗಳನ್ನು ಮರಳಿನಲ್ಲಿ ಒಂದು ಗೇಣು ಹೂತಿದ್ದ. ಬೆನ್ನಿಗೆ ತೆಂಗಿನ ನಾರಿನ ಹಗ್ಗ ಒತ್ತಾಗಿ ಸುತ್ತಿ, ಮೇಲೆ ಹಳೆ ಬೈರಾಸು.

"ಕುರ್ಚಿ ಜಾರೂದಿಲ್ವಾ?" ಎಂದು ಕೇಳಿದೆ.

"ಒಂದು ಸಲ ಜಾರಿತ್ತು ಸಾರ್" ಅಂದ. ತಲೆ ಎತ್ತಲಿಲ್ಲ, ರೆಸಿನ್ ಗಟ್ಟಿಯಾಗುವ ಮೊದಲು ಮುಗಿಸಬೇಕಿತ್ತು.

ಆ ರಾತ್ರಿ ಓಷನ್‌ಸೈಡ್‌ಗೆ ವಿಡಿಯೊ ಕರೆ ಮಾಡಿದೆ. ಅಳಿಯನಿಗೆ ಎರಡನೇ ಬ್ಲ್ಯಾಂಕು ಬಂದು ವಾರವಾಗಿದೆಯಂತೆ. ಒಂದು ವರ್ಷದಲ್ಲಿ ಅವನು ಒಂದಿಂಚು ಬೆಳೆದಿದ್ದಾನೆ, ಬೋಲ್ಟು ಒಂದು ತೂತು ಮೇಲೇರಿದೆ. ಮತ್ತೆ ಯಾಕೆ ಶುರುಮಾಡಿಲ್ಲ ಎಂದೆ. ಅವನು ಉತ್ತರ ಕೊಡದೆ ಫೋನಿನ ಕ್ಯಾಮೆರಾ ತಿರುಗಿಸಿದ.

ಎರಡು ಕಂಬಗಳೂ ಮನೆಯ ಮುಂದಿನ ಅಂಗಳಕ್ಕೆ ಬಂದಿವೆ. ಅವುಗಳ ಮೇಲೆ ಉದ್ದನೆಯ ಹಲಗೆ, ಹಲಗೆಯ ಮೇಲೆ ಬಿಳಿ ಪಂಚೆ, ಪಂಚೆಯ ತುಂಬ ಸಾಲು ಸಾಲು ಸಂಡಿಗೆ.

"ಮಾವ, ಅಮ್ಮನಿಗೆ ನೀವಾದ್ರೂ ಹೇಳಿ."

ತಂಗಿ ಹಿಂದಿನಿಂದಲೇ ಕೂಗಿದಳು. "ಅಣ್ಣ, ಎಷ್ಟು ಅನುಕೂಲ ಗೊತ್ತಾ, ಬಗ್ಗೋದೇ ಬೇಡ. ಆದ್ರೆ ಇಲ್ಲಿ ಮೇ ತಿಂಗಳಲ್ಲಿ ಬಿಸಿಲೆಲ್ಲಿ? ಬರೀ ಮೋಡ. ಒಣಗೋಕೆ ಇನ್ನೂ ಮೂರು ದಿನ ಬೇಕು."